ಯಾರೂ ನಗದ ಮುಖ

ಬಣ್ಣದಜ್ಜನ ಎಡಗೈಯ ಐದು ಉಗುರುಗಳಿಗೂ ಐದು ಬಣ್ಣ. ಹೆಬ್ಬೆರಳಿಗೆ ಸಫೇದದ ಬಿಳಿ, ತೋರುಬೆರಳಿಗೆ ಇಂಗಳೀಕದ ಕೆಂಪು, ನಡುಬೆರಳಿಗೆ ಅರದಾಳದ ಹಳದಿ, ಉಂಗುರದ ಬೆರಳಿಗೆ ನೀಲಿ, ಕಿರುಬೆರಳಿಗೆ ದೀಪದ ಮಸಿ. ಕುಂಚ ಹಿಡಿಯುತ್ತಿದ್ದುದು ಕಣ್ಣು ಹುಬ್ಬುಗಳಿಗೆ ಮಾತ್ರ. ಉಳಿದ ಮುಖವೆಲ್ಲ ಬೆರಳಿನದೇ ಕೆಲಸ. ಬಲಗೈ ಅನ್ನಕ್ಕೆ, ಎಡಗೈ ಬಣ್ಣಕ್ಕೆ ಎಂದು ಹಂಚಿಬಿಟ್ಟಿದ್ದ. ಎಷ್ಟು ಉಜ್ಜಿ ತೊಳೆದರೂ ಆ ಬಣ್ಣಗಳು ಹೋಗುತ್ತಿರಲಿಲ್ಲ. ಉಂಗುರದ ಬೆರಳಿಗೆ ನೀಲಿಯೋ ಮಸಿಯೋ ಎಂದು ಯಾರಾದರೂ ಅಡ್ಡಪ್ರಶ್ನೆ ಹಾಕಿದರೆ ಈಗ ನಾನು ತಡವರಿಸಬಹುದು. ನೆನಪನ್ನು ಸುಲಭಕ್ಕೆ ನಂಬುವವನಲ್ಲ ನಾನು. ಆದರೆ ಆ ಕೈ ನನ್ನ ಮುಖದ ಮೇಲೆ ಆಡಿದ್ದುಂಟು. ಅದನ್ನು ಮಾತ್ರ ಯಾವ ವಕೀಲನೂ ನನ್ನಿಂದ ಸುಳ್ಳೆನ್ನಿಸಲಾರ.

ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯ ಪಕ್ಕದಲ್ಲಿ, ಊರಿಗೆಲ್ಲ ಅಜ್ಜನಾಗಿದ್ದ ಅವನ ಮನೆ. ಮಾಡಿನಲ್ಲಿ ಒಂದು ಹೆಂಚು ಇರಲಿಲ್ಲ. ಬೇಕೆಂದೇ ತೆಗೆದದ್ದು. ಅಲ್ಲಿಂದ ಬಿಸಿಲು ಕೋಲಾಗಿ ಇಳಿದು ಬರುತ್ತಿತ್ತು, ಅರೆಯುವ ಕಲ್ಲಿನಿಂದ ಎದ್ದ ಬಣ್ಣದ ಪುಡಿ ಅದರೊಳಗೆ ನಿಧಾನವಾಗಿ ತೇಲುತ್ತಿತ್ತು. ಮಧ್ಯಾಹ್ನ ಆ ಮನೆಯೊಳಗೆ ಕಾಲಿಟ್ಟರೆ ಹೊತ್ತು ಎಲ್ಲಿಗೋ ಹೋಗಿಬಿಡುತ್ತಿತ್ತು. ಕಡೂರು, ತರೀಕೆರೆ ಸುತ್ತಿನ ಬಯಲಾಟದ ಮೇಳಗಳೆಲ್ಲ ಮುಖ ಬರೆಸಿಕೊಳ್ಳಲು ಅಜ್ಜನನ್ನೇ ಗಾಡಿಯಲ್ಲಿ ಕರೆದೊಯ್ಯುತ್ತಿದ್ದವು. ಅವನಿಗೊಂದು ಪದ್ಧತಿಯಿತ್ತು. ಮುಂದೆ ಕೂತವನ ಗಲ್ಲ ಹಿಡಿದು, 'ಯಾರಪ್ಪ ಇವ್ನು? ಇವ್ನ ಅವ್ವ ಯಾರು?' ಎಂದು ಕೇಳುತ್ತಿದ್ದ. ಕೂತವನು ಪಾತ್ರದ ಹೆಸರನ್ನೂ ಅದರ ತಾಯಿಯ ಹೆಸರನ್ನೂ ಹೇಳಬೇಕು. ರಾವಣನಾದರೂ ಸರಿ, ದುಶ್ಶಾಸನನಾದರೂ ಸರಿ. ಹೇಳದಿದ್ದರೆ ಬೆರಳು ಬಣ್ಣಕ್ಕೆ ಇಳಿಯುತ್ತಿರಲಿಲ್ಲ.

ಇನ್ನೊಂದು ಕೆಲಸ ಹನ್ನೆರಡು ವರ್ಷಕ್ಕೊಮ್ಮೆ. ಊರಮ್ಮನ ಮರದ ವಿಗ್ರಹಕ್ಕೆ ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಕೊಡುವುದು. ಎರಡು ಸಲ ಆ ಕೆಲಸ ಅಜ್ಜನ ಕೈಯಲ್ಲಾಗಿತ್ತು. ಮೂರನೆಯದು ಹತ್ತಿರ ಬಂದಾಗ ಕೈ ಆಗಲೇ ಸಣ್ಣಗೆ ನಡುಗಲು ಹಿಡಿದಿತ್ತು. 'ಇದೊಂದ್ ಸಲ ಅಮ್ಮನ್ನ ಬರುದ್ರೆ ಆಯ್ತು ಕಣಪ್ಪ, ಇನ್ನೊಂದ್ ಸಲಕ್ಕೆ ನಾನೆಲ್ಲಿ' ಎನ್ನುತ್ತಿದ್ದ. ಇಂಗಳೀಕವನ್ನು ಆರು ತಿಂಗಳು ಮೊದಲೇ ಅರೆದು ಸಣ್ಣ ಕುಡಿಕೆಯಲ್ಲಿ ಮುಚ್ಚಿಟ್ಟಿದ್ದ.

ನಾನು ಊರಿಗೆ ಹಿಂತಿರುಗಿದ್ದು ಆಗಲೇ. ವಯಸ್ಸು ಇಪ್ಪತ್ತೊಂದು. ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಎರಡು ವರ್ಷ ಸತತವಾಗಿ ಗೆದ್ದಿದ್ದೆ. ಪರೀಕ್ಷೆಯಲ್ಲಿ ಮಾತ್ರ ಸೋತಿದ್ದೆ. ಊರಿನಲ್ಲಿ ನನ್ನ ಮಾತಿಗೆ ತಕ್ಕ ಜಾಗವಾಗಿ ಸಿಕ್ಕಿದ್ದು ನಾಡಿಗರ ಕೂಟ. ಕೊಬ್ಬರಿ ಮಂಡಿಯೊಂದರ ಅಟ್ಟದ ಮೇಲೆ ಸೇರುತ್ತಿದ್ದ ಹನ್ನೊಂದು ಮಂದಿಯ ಗುಂಪು ಅದು. ಸಂಸ್ಥಾನದ ದೊಡ್ಡ ಹುದ್ದೆಗಳೆಲ್ಲ ಮದ್ರಾಸ್ ಕಡೆಯಿಂದ ಬಂದವರ ಪಾಲಾಗುತ್ತಿವೆ, ಇಲ್ಲಿಯವರಿಗೆ ಗುಮಾಸ್ತಿಕೆಯೂ ಗಿಟ್ಟುವುದಿಲ್ಲ ಎಂಬುದು ನಮ್ಮ ದೂರು. ದೂರಿನಲ್ಲಿ ಹುರುಳಿತ್ತು, ಇವತ್ತಿಗೂ ಆ ಪಕ್ಷ ಹಿಡಿದು ವಾದಿಸಬಲ್ಲೆ. ಆದರೆ ದೂರು ಕೇಳಲು ಸಂತೆಯ ಜನ ನಿಲ್ಲುತ್ತಿರಲಿಲ್ಲ, ತಮಾಷೆಗಾದರೆ ನಿಲ್ಲುತ್ತಿದ್ದರು. ಹಾಗಾಗಿ ಭಾಷಣಕ್ಕೆ ಮುಂಚೆ ಒಂದು ಪ್ರಹಸನ ಎಂದು ತೀರ್ಮಾನವಾಯಿತು.

ಬರೆದವನು ನಾನೇ. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಒಬ್ಬ 'ಮದ್ರಾಸಿ' ಬರುತ್ತಾನೆ, ಪೆಟ್ಟಿಗೆ ಇಳಿಸುತ್ತಾನೆ, ಇದ್ದ ಕುರ್ಚಿಗಳನ್ನೆಲ್ಲ ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಹಂಡೆ ಅನ್ನ ನುಂಗುತ್ತಾನೆ, ಕೊನೆಗೆ ಪೊರಕೆಯ ಏಟು ತಿಂದು ರೈಲು ಹತ್ತುತ್ತಾನೆ. ಆ ಪಾತ್ರವೂ ನನ್ನದೇ. ಅಟ್ಟದ ಮೇಲೆ ಓದಿ ತೋರಿಸಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಲೆಯ ಉಪಾಧ್ಯಾಯರೊಬ್ಬರು ಮಾತ್ರ, 'ಆ ಮಸಿ ಯಾಕೆ ಬೇಕಿತ್ತೋ?' ಎಂದು ಗೊಣಗಿದರು. 'ನಗೆ ಎನ್ನುವುದು ಕೈಲಾಗದವನ ಆಯುಧ ಸಾರ್. ಅಧಿಕಾರ ಅವರದು, ನಗೆಯಾದರೂ ನಮ್ಮದಾಗಲಿ' ಎಂದೆ. ಚಪ್ಪಾಳೆ ಬಿತ್ತು.

ಮುಖ ಬರೆಸಿಕೊಳ್ಳುವ ಮಾತಾಡಲು ಅಜ್ಜನಲ್ಲಿಗೆ ಹೋದೆ. ಬಿಸಿಲುಕೋಲಿನ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು ಅಜ್ಜ ಗಲ್ಲ ಹಿಡಿದ.

'ಯಾರಪ್ಪ ಇವ್ನು?'

'ಮದ್ರಾಸಿ.'

'ಅದು ಸೀಮೆ ಆತು. ಇವ್ನು ಯಾರು? ಇವ್ನ ಅವ್ವ ಯಾರು?'

'ಅವ್ವ ಗಿವ್ವ ಏನಿಲ್ಲ ಕಣಜ್ಜ. ಇವನು ಯಾರೋ ಒಬ್ಬನಲ್ಲ. ಆ ಕಡೆಯವರೆಲ್ಲಾ ಸೇರಿ ಇವನು.'

'ಎಲ್ರೂ ಸೇರಿ ಒಂದೇ ಮೊಕನಾ?' ಅಜ್ಜ ಗಲ್ಲ ಬಿಟ್ಟ. 'ಅಂಗಾರೆ ಬಳಿಯಾಕೆ ಮೊಕ ಎಲ್ಲೈತಪ್ಪ?'

ನಾನು ಕೂಟದ ದೂರನ್ನೆಲ್ಲ ವಿವರಿಸಿದೆ. ಅಜ್ಜ ತಲೆದೂಗುತ್ತ ಕೇಳಿ, 'ಮದ್ರಾಸಿಂದ ಬಂದ ಆ ದೊಡ್ ಸಾಹೇಬ್ರನ್ನ ನೋಡಿದೀಯಾ?' ಅಂದ.

'ಓ, ಕಂದಾಯದ ಲೆಕ್ಕ ನೋಡೋ ಜಮಾಬಂದಿಗೆ ಕಡೂರಿಗೆ ಬಂದಿದ್ರಲ್ಲ.'

'ಎಂಗವ್ರೆ?'

ಜರಿ ರುಮಾಲು, ಅದರ ಕೆಳಗೆ ಹಣ್ಣಾದ ನಿಂಬೆಯಂಥ ಮುಖ ನೆನಪಾಯಿತು. 'ಕೆಂಪಗಿದಾರೆ' ಅಂದೆ. ಹೇಳುತ್ತಿದ್ದಂತೆಯೇ ಸಿಕ್ಕಿಬಿದ್ದೆನೆಂದು ಗೊತ್ತಾಯಿತು.

'ಅಂಗಾರೆ ಅರದಾಳಕ್ಕೆ ಒಸಿ ಇಂಗಳೀಕ ಬೆರ್ಸಿ ಕೊಡ್ತೀನಿ, ಅವ್ರನ್ನೇ ಆಡು. ಮಸಿ ಯಾತಕ್ಕೆ? ಆ ಸೀಮೆಯ ಮಸಿ ಬಣ್ಣದೋರು ಟೇಸನ್ ತಾವ ಕಲ್ಲು ಒಡಿತಾ ಕುಂತವ್ರೆ. ಅವ್ರೇನಪ್ಪ, ನಿನ್ ಕುರ್ಚಿ ಕಿತ್ಕಂಡ್ರಾ?'

ಚರ್ಚಾಕೂಟದಲ್ಲಿ ಯಾರೂ ನನ್ನ ಬಾಯಿಗೆ ಹಾಗೆ ಬೀಗ ಹಾಕಿರಲಿಲ್ಲ. 'ತಮಾಷೆಗೆ ಕಣಜ್ಜ' ಅಂದೆ. ವಾದದಲ್ಲಿ ಸೋತವನು ಆಡುವ ಮಾತು ಅದು.

ಅಜ್ಜ ಒಲ್ಲೆನೆಂದ ಸುದ್ದಿಯನ್ನು ಕೂಟದ ಅಧ್ಯಕ್ಷರಿಗೆ ಮುಟ್ಟಿಸಿದವನೂ ನಾನೇ. ದೂರು ಹೇಳಬೇಕೆಂದಲ್ಲ, ಒಳ್ಳೆಯ ಕಥೆ ಎಂದು. ಅಧ್ಯಕ್ಷರು ಮಂಡಿಯ ಯಜಮಾನರು, ಊರಮ್ಮನ ಗುಡಿಯ ಧರ್ಮದರ್ಶಿಗಳೂ ಅವರೇ. ಅವರು ಕಥೆಗೆ ನಗಲಿಲ್ಲ. 'ನಮ್ಮ ಮುಖಕ್ಕೆ ಬಣ್ಣ ಹಚ್ಚದವನ ಕೈಲಿ ಅಮ್ಮನಿಗೂ ಹಚ್ಚಿಸೋದು ಬೇಡ ಬಿಡಿ' ಅಂದರು. ಅಜ್ಜನಿಗೂ ಆಳಿನ ಕೈಲಿ ಅದನ್ನೇ ಹೇಳಿ ಕಳಿಸಿದರು.

ಸಂತೆಯ ದಿನ ಬೆಳಿಗ್ಗೆ ಅಜ್ಜ ತಾನಾಗಿಯೇ ಮಂಡಿಯ ಅಟ್ಟಕ್ಕೆ ಬಂದ. ಮಡಿಲಲ್ಲಿ ಬಣ್ಣದ ಕುಡಿಕೆಗಳಿದ್ದವು. ರಾತ್ರಿಯೆಲ್ಲ ನಿದ್ದೆ ಇಲ್ಲದ ಕಣ್ಣು. ನನ್ನ ಮುಂದೆ ಕೂತು, ಕಿರುಬೆರಳನ್ನು ಮಸಿಗೆ ಅದ್ದಿ, ನನ್ನ ಕೆನ್ನೆಯ ಹತ್ತಿರ ತಂದು ನಿಲ್ಲಿಸಿದ. ಬೆರಳು ನಡುಗುತ್ತಿತ್ತು.

'ಒಂದು ಹೆಸ್ರು ಹೇಳ್ಬಿಡಪ್ಪ' ಅಂದ, ಬೇಡಿಕೊಳ್ಳುವ ದನಿಯಲ್ಲಿ. 'ಇವ್ನ ಅವ್ವಂದು. ಸುಳ್ಳು ಹೆಸ್ರಾದ್ರೂ ಸೈ. ಬಳೀತೀನಿ.'

ಸುಳ್ಳು ಹೇಳುವುದು ನನಗೇನು ಕಷ್ಟ? ಆದರೆ ಆ ಕಡೆಯ ಒಂದು ಹೆಣ್ಣು ಹೆಸರು ಬೇಕೆಂದು ಹುಡುಕಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಪತ್ರಿಕೆ ತರುವ ರೈಲಿಗಾಗಿ ನಾನು ದಿನವೂ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆ. ಕಂಬಿಯ ಪಕ್ಕ ಜಲ್ಲಿ ಒಡೆಯುವವರ ಹಾಜರಿಯನ್ನು ಮೇಸ್ತ್ರಿ ಕೂಗುತ್ತಿದ್ದ. ಮೊದಲ ಹೆಸರಿಗೆ ಹಸಿರು ಸೀರೆಯ ಹೆಂಗಸೊಬ್ಬಳು ಕೈಯೆತ್ತುತ್ತಿದ್ದಳು.

'ಅಂಜಲೈ' ಅಂದೆ.

ಅಜ್ಜನ ಕೈ ನೆಟ್ಟಗಾಯಿತು. 'ಅಂಜಲೈ ಮಗ. ವಯಸ್ಸೆಷ್ಟು?'

'ಇಪ್ಪತ್ತು.'

'ಬಿಸ್ಲಲ್ಲಿ ಕೆಲ್ಸನಾ?'

'ಹೂಂ.'

'ಊಟ?'

'ಒಂದು ಹೊತ್ತು' ಅಂದುಬಿಟ್ಟೆ. ಅವಳಿಗೆ ಮಗನಿದ್ದನೋ ಇಲ್ಲವೋ ನನಗೆ ತಿಳಿಯದು. ಒಂದೊಂದು ಉತ್ತರಕ್ಕೂ ಅಜ್ಜನ ಬೆರಳು ಬದಲಾಗುತ್ತಿತ್ತು. ಮಸಿಗೆ ಕೆಮ್ಮಣ್ಣು, ಕೆಮ್ಮಣ್ಣಿಗೆ ಚೂರು ಹಳದಿ, ಕಣ್ಣಿನ ಕೆಳಗೆ ಹೊಗೆಯಂಥ ನೀಲಿ. ತಣ್ಣಗಿನ ಬೆರಳುಗಳು ನನ್ನ ಮುಖದ ಮೇಲೆ ಯಾರನ್ನೋ ಹುಡುಕುತ್ತಿದ್ದವು. ಕೆಳಗೆ ಸಂತೆಯ ಗದ್ದಲ ನೀರೊಳಗಿಂದ ಬಂದಂತೆ ಕೇಳುತ್ತಿತ್ತು. ನಾನು ಕಣ್ಣು ಮುಚ್ಚಿದ್ದೆ. ಒಂದು ಗಳಿಗೆ ನಾನು ಯಾರೆಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಕಾಣೆ. ಕನ್ನಡಿ ಹಿಡಿದಾಗ ಅಲ್ಲಿ ದಣಿದ, ಅಂದವಾದ, ನನಗೆ ಪರಿಚಯವಿಲ್ಲದ ಹುಡುಗನೊಬ್ಬ ನನ್ನನ್ನೇ ನೋಡುತ್ತಿದ್ದ.

ಸಂತೆಯಲ್ಲಿ ಹಾಕಿದ್ದ ಹಲಗೆಯ ವೇದಿಕೆ ಹತ್ತಿದೆ. ಮುಂದೆ ಕೂತ ಪಡ್ಡೆಗಳು ಒಂದು ಸಲ ಹೋ ಎಂದರು, ಆಮೇಲೆ ನಿಲ್ಲಿಸಿದರು. ಕುರ್ಚಿ ಎಳೆದೆ, ನಗೆ ಇಲ್ಲ. ಅನ್ನ ನುಂಗಿದೆ, ಒಬ್ಬಾಕೆ ಪಕ್ಕದವಳಿಗೆ, 'ನಿಧಾನಕ್ಕೆ ತಿನ್ನು ಅಂತ ಹೇಳೇ ಅವ್ನಿಗೆ, ನೆತ್ತಿಗತ್ತೀತು' ಅಂದದ್ದು ನನಗೇ ಕೇಳಿಸಿತು. ಗೆಳೆಯ ಪೊರಕೆ ಎತ್ತಿದಾಗ ಮೆಣಸಿನಕಾಯಿ ಮಾರುವ ಮುದುಕಿ ಎದ್ದು ನಿಂತಳು.

'ಯಾಕ್ರೋ ಹೊಡಿತೀರಾ ಆ ಹೈದನ್ನ? ಉಂಡೇ ಇಲ್ಲ ಕಣ್ರೋ ಅವ್ನು, ಮೊಕ ನೋಡ್ರಲೇ!'

ಪೊರಕೆ ಕೆಳಗಿಳಿಯಿತು. ಮುಂದಿನ ಮಾತು ನನಗೆ ಚೆನ್ನಾಗಿ ನೆನಪಿತ್ತು. ಬಾಯಿ ಮಾತ್ರ ಏಳಲಿಲ್ಲ. ಜನ ಚದುರಿದರು. ಆ ದಿನ ಭಾಷಣವೂ ಆಗಲಿಲ್ಲ.

ಅದೇ ಸಂಜೆ ಅಟ್ಟದ ಮೇಲೆ ಸಭೆ ಸೇರಿತು. ಅಧ್ಯಕ್ಷರು ನನ್ನನ್ನು ಕೇಳಿದ್ದು ಒಂದೇ ಮಾತು: 'ಮುದುಕ ಬೇಕಂತಲೇ ಕೆಡಿಸಿದ ಅಂತಾರೆ. ಅಥವಾ ನೀನೇ ಮಾತು ಮರೆತ್ಯೇನಪ್ಪಾ?'

ಬಾಗಿಲು ತೆರೆದು ಹಿಡಿದಿದ್ದರು. 'ಹೌದು, ಮರೆತೆ' ಎಂದಿದ್ದರೆ ಸಾಕಿತ್ತು. ನಾಲ್ಕು ಜನ ಬೈಯುತ್ತಿದ್ದರು, ಅಜ್ಜ ಅಮ್ಮನನ್ನು ಬರೆಯುತ್ತಿದ್ದ. ನನಗೆ ಅದು ಕಾಣಲಿಲ್ಲ. ನನಗೆ ಕಂಡದ್ದು ಒಂದು ವಾದ. ಹೊಚ್ಚ ಹೊಸದು, ಆ ಮಧ್ಯಾಹ್ನವಷ್ಟೇ ಸಿಕ್ಕಿದ್ದು. ಎದ್ದು ನಿಂತು, 'ಅಜ್ಜ ನಾಟಕ ಕೆಡಿಸಲಿಲ್ಲ, ತಿದ್ದಿದ' ಎಂದು ಶುರುಮಾಡಿದೆ. ನಮ್ಮ ಸಿಟ್ಟು ಕುರ್ಚಿಯ ಮೇಲೆ ಕೂತವನ ಮೇಲೆ, ನಗೆ ಮಾತ್ರ ಕಲ್ಲು ಒಡೆಯುವವನ ಮೇಲೆ. ಕೈಲಾಗದವನ ಆಯುಧ ಎಂದು ಹೆಮ್ಮೆಪಟ್ಟು, ನಮಗಿಂತ ಕೈಲಾಗದವನ ಮೇಲೆ ಅದನ್ನು ಬೀಸಿದ್ದೇವೆ. ಮುಖವಿಲ್ಲದವನನ್ನು ಕಂಡು ಮಾತ್ರ ನಗಲು ಬರುವ ನಗೆ ನಗೆಯಲ್ಲ, ಹೇಡಿತನ. ಉಪಾಧ್ಯಾಯರ ಕಣ್ಣಲ್ಲಿ ನೀರಿತ್ತು.

'ಸರಿ' ಎಂದರು ಅಧ್ಯಕ್ಷರು. 'ಅಂದ್ರೆ ಬೇಕಂತಲೇ ಮಾಡಿದಾನೆ.'

ಅಮ್ಮನಿಗೆ ಬಣ್ಣ ಕೊಡಲು ಬೇರೆ ಊರಿನಿಂದ ಒಬ್ಬ ಬಂದ, ಡಬ್ಬಿಯ ಬಣ್ಣಗಳ ಜೊತೆ. ಸುದ್ದಿಯನ್ನೂ ಸಭೆಯಲ್ಲಿ ಆಡಿದ ಮಾತನ್ನೂ ನಾನೇ ಅಜ್ಜನಿಗೆ ಹೇಳಿದೆ. ಅಜ್ಜ ಅರೆಯುವ ಕಲ್ಲನ್ನು ಸವರಿದ.

'ವಾದ ಗೆದ್ಯಾ?' ಅಂದ.

'ಗೆದ್ದೆ.'

'ಊಂ. ಗೆಲ್ತೀಯ ಬಿಡು ನೀನು.'

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊಸ ಬಣ್ಣದ ಅಮ್ಮನನ್ನು ನೋಡಲು ಅಜ್ಜ ಎಲ್ಲರಂತೆ ಹೋಗಿ ಸಾಲಿನಲ್ಲಿ ನಿಂತ. 'ಹುಬ್ಬು ಚೆಂದಾಗಿ ಎಳ್ದವ್ನೆ' ಎಂದು ಬಂದವರಿಗೆಲ್ಲ ಹೇಳಿದ. ನಾನು ಕೂಟ ಬಿಟ್ಟೆ. ಕೂಟವೂ ಎರಡು ವರ್ಷಕ್ಕೆ ತಾನಾಗಿ ಕರಗಿತು.

ಹೋದ ಕಾರ್ತಿಕದಲ್ಲಿ ಅಜ್ಜ ಮಲಗಿದ. ನೋಡಲು ಹೋದಾಗ ಮಧ್ಯಾಹ್ನ. ಬಿಸಿಲುಕೋಲು ಹಾಸಿಗೆಯ ಅಂಚಿಗೆ ಬಂದಿತ್ತು. ಕೂರುವಂತೆ ಕಣ್ಸನ್ನೆ ಮಾಡಿ, ನಾವಿಬ್ಬರೂ ಆಡುತ್ತಿದ್ದ ಮಾತನ್ನೇ ಮುಂದುವರಿಸುವವನಂತೆ ಶುರುಮಾಡಿದ.

'ಆ ಸಲ ಅಮ್ಮಂಗೆ ಕೆನ್ನೆಗೆ ಬರೀ ಕೆಂಪು ಬ್ಯಾಡ ಅಂತಿದ್ದೆ ಕಣಪ್ಪ. ಬಿಸ್ಲು ಬೀಳಾಕೆ ಮುಂಚೆ ರಾಗಿ ಹೊಲದ ಮ್ಯಾಲೆ ಒಂದು ಬಣ್ಣ ಬತ್ತದಲ್ಲ, ಅದು. ಕಣ್ಣು ನೆಟ್ಟಗೆ ಬರುದು ಬರುದು ಪಾಪ ಅವ್ಳಿಗೂ ದಣಿವಾಗೈತೆ, ರೆಪ್ಪೆ ಒಸಿ ಇಳಿಸ್ತಿದ್ದೆ. ತುಟಿ ತಾವ...' ಎಡಗೈ ಮೇಲೆದ್ದು ಗಾಳಿಯಲ್ಲಿ ಬರೆಯತೊಡಗಿತು.

ನನಗೆ ತಡೆಯಲಾಗಲಿಲ್ಲ. 'ಅಜ್ಜ, ನಾನು ಮಾತು ಮರೆತೆ ಅಂತ ಒಂದು ಸುಳ್ಳು ಹೇಳಿದ್ರೆ ಆ ಕೆಲಸ ನಿನಗೇ ಉಳೀತಿತ್ತು.'

'ಗೊತ್ತು ಕಣೋ' ಅಂದ. ಕೈ ನಿಲ್ಲಲಿಲ್ಲ. 'ಸುಮ್ಕಿರು. ಮೂಗುತಿ ಇನ್ನೂ ಬರೆದಿಲ್ಲ.'

ಬಿಸಿಲುಕೋಲು ಗೋಡೆ ಹತ್ತುವವರೆಗೂ ಬರೆದ. ಮುಗಿಸಿ, ಕೈ ಇಳಿಸಿ, ನಾನು ನೋಡಿದೆನೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡಿದ. ನೋಡಿದೆನೆಂದು ತಲೆಯಾಡಿಸಿದೆ. ಅದಾಗಿ ನಾಲ್ಕು ದಿನಕ್ಕೆ ಹೋಗಿಬಿಟ್ಟ.

ದೇವರಿದ್ದಾಳೆಂದು ನಾನು ಇವತ್ತಿಗೂ ಒಪ್ಪಿಲ್ಲ. ಯಾರು ಬೇಕಾದರೂ ಬರಲಿ, ವಾದಕ್ಕೆ ಸಿದ್ಧ. ಆದರೆ ದಣಿದು ರೆಪ್ಪೆ ಇಳಿಸಿದ ಆ ಅಮ್ಮನನ್ನು ನೋಡಿದವನು ಈ ಲೋಕದಲ್ಲಿ ನಾನೊಬ್ಬನೇ. ಇನ್ನೊಬ್ಬರಿಗೆ ತೋರಿಸೋಣವೆಂದರೆ ನನಗೆ ಬರುವುದು ಮಾತು ಮಾತ್ರ.