ಬೆಟ್ಟದ ಮೇಲೆ ಜೇಡಿಮಣ್ಣಿನ ಪಾಕ

ನಮ್ಮ ಯಜಮಾನರು ರಜೆ ಎಂದುಕೊಂಡು ಮನೆ ಬಿಟ್ಟು ಹೋದವರೇ ಅಲ್ಲ. ಹನಕೆರೆಯ ಹತ್ತಿರ ನಮ್ಮದೊಂದು ಆಲೆಮನೆ ಇತ್ತು. ಕಬ್ಬು ಅರೆಸಿ, ಅದರ ಹಾಲು ಕಾಯಿಸಿ, ಬೆಲ್ಲ ತೆಗೆಯುವುದರಲ್ಲೇ ಅವರ ಪ್ರಾಯವೆಲ್ಲ ಕಳೆದುಹೋಯಿತು. ನೆಂಟರ ಮದುವೆಗೆ ಹೋದರೂ ಎಲೆಯ ಮುಂದೆ ಕೂತು, "ಒಲೆ ಏನ್ ಮಾಡ್ಕಂಡವ್ರೋ" ಎಂದು ಗೊಣಗುವ ಜಾತಿ. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಕನ್ನಡದ ಮೇಡಂ. ಬೇಸಿಗೆ ರಜೆ, ದಸರಾ ರಜೆ ಎಲ್ಲ ಬರುತ್ತಿದ್ದವು, ಹೋಗುತ್ತಿದ್ದವು. ಆ ರಜೆಗಳಲ್ಲಿ ನಾನು ಕಂಡ ಬೆಟ್ಟವೆಂದರೆ ಆಲೆಮನೆಯ ಹಿಂದೆ ಒಣಗುತ್ತಿದ್ದ ಕಬ್ಬಿನ ಸಿಪ್ಪೆಯ ರಾಶಿ.

ಹೋದ ವರ್ಷ ಅವರಿಗೆ ಉಸಿರು ಕಟ್ಟುವುದು ಜಾಸ್ತಿಯಾಯಿತು. ಇನ್ನು ಒಲೆಯ ಹೊಗೆಗೆ ಎದೆ ಕೊಡಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಆಲೆಮನೆಯನ್ನು ಬೇರೆಯವರಿಗೆ ವಹಿಸಿದೆವು. ಅಂದಿನಿಂದ ಈ ಮನುಷ್ಯ ಜಗಲಿಯ ಮೇಲೆ ಕೂತರು ನೋಡಿ, ಕೂತೇಬಿಟ್ಟರು. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಕೂಗಿ ಹಗುರಾಗುತ್ತಿದ್ದೆ. ಇವರು ಮಾತನ್ನೇ ಬಿಟ್ಟರು. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಪಾಕ ಒಂದು ಚೂರು ಹೆಚ್ಚು ಕಮ್ಮಿಯಾದರೂ ಇಡೀ ಆಲೆಮನೆ ಅದುರುವಂತೆ ಕೂಗಾಡುತ್ತಿದ್ದವರು ಆ ಸಪ್ಪೆ ಸಾರನ್ನು ಮುದ್ದೆಯ ಜೊತೆ ನುಂಗಿ ಕೈ ತೊಳೆದು ಎದ್ದರು. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಮನುಷ್ಯ ಮತ್ತೆ ಮೊದಲಿನಂತೆ ಆಗುತ್ತಾರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆಯಾಯಿತು.

ಮಂಡ್ಯದಲ್ಲಿ ಕೆಲಸಕ್ಕಿರುವ ಮಗಳು ಇದನ್ನು ಗಮನಿಸುತ್ತಲೇ ಇದ್ದಳು. ಮಳವಳ್ಳಿ ದಾಟಿ, ಕರೆಂಟು ತಯಾರಾಗುವ ಬ್ಲಫ್ ಕಡೆಗೆ ಹೋಗುವಾಗ ಒಳದಾರಿಯಲ್ಲೊಂದು ಬೆಟ್ಟವಿದೆ. ಅದರ ಮೇಲೆ ಯಾರೋ ಕಲ್ಲು ಹೆಂಚಿನ ಮನೆಗಳನ್ನು ಕಟ್ಟಿ, ಬಂದವರನ್ನು ಮೂರು ದಿನ ಇರಿಸಿಕೊಂಡು ಚಿತ್ರ ಬರೆಯುವುದು, ಮಣ್ಣಿನ ಕೆಲಸ ಎಲ್ಲ ಕಲಿಸುತ್ತಾರಂತೆ. ನಮ್ಮನ್ನು ಒಂದು ಮಾತೂ ಕೇಳದೆ ಅಲ್ಲಿ ಜಾಗ ಹಿಡಿದುಬಿಟ್ಟಳು.

"ಕೆಲ್ಸ ಇಲ್ದೋರು ಓಗೋ ಜಾಗ ಅದು" ಎಂದರು ಇವರು.

"ಈಗ ನಿಮಗೇನು ಕೆಲ್ಸ ಅದೆ?" ಎಂದುಬಿಟ್ಟೆ ನಾನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ಹೋಗಿ ಬ್ಯಾಗಿಗೆ ಎರಡು ಪಂಚೆ ತುರುಕಿದರು.

ಬೆಟ್ಟ ಅಂಥ ಎತ್ತರದ್ದೇನಲ್ಲ. ಆದರೆ ಮೇಲೆ ನಿಂತರೆ ಗಾಳಿ ಬೇರೆ, ಆಕಾಶ ಬೇರೆ. ಕೆಳಗೆ ಕಬ್ಬು, ಭತ್ತ, ನಾಲೆ, ಬ್ಲಫ್‌ನಿಂದ ಹೊರಟ ಕರೆಂಟು ಕಂಬಗಳ ಸಾಲು. ನನಗೆ ಮೊದಲ ಗಂಟೆಯಲ್ಲೇ ಅಲ್ಲಿಯ ಸುಖ ಹತ್ತಿತು. ಬೆಳಿಗ್ಗೆ ಯಾರೋ ಕಾಫಿ ಮಾಡಿ ತಂದು ನನ್ನ ಕೈಗೇ ಕೊಡುವುದೆಂದರೇನು! ಆ ಲೋಟ ತೊಳೆಯಲು ಎದ್ದರೆ ಬೇಡಿ ಎಂದು ಕಿತ್ತುಕೊಂಡರು. ಇನ್ನೆರಡು ದಿನ ಇಲ್ಲೇ ಬಿದ್ದಿದ್ದರೆ ನಾನು ಯಾವ ಕೆಲಸಕ್ಕೂ ಬಾರದವಳಾಗುತ್ತೇನೆ ಎನಿಸಿತು, ಆಗೋಣ ಎಂದೂ ಎನಿಸಿತು.

ಕಲಿಸುವವಳು ನಮ್ಮ ಮಗಳಿಗಿಂತ ಚಿಕ್ಕ ಹುಡುಗಿ. ಮೊದಲ ದಿನ ಬಂಡೆಯ ಮೇಲೆ ಜಮಖಾನ ಹಾಸಿ, ನಮಗೂ ಬೆಂಗಳೂರು, ಮೈಸೂರಿನಿಂದ ಬಂದಿದ್ದವರಿಗೂ ಒಂದೊಂದು ಹಾಳೆ, ಬಣ್ಣ ಕೊಟ್ಟು, "ಕಂಡದ್ದನ್ನ ಬರೀರಿ, ಚೆನ್ನಾಗಿ ಬರಬೇಕು ಅಂತೇನಿಲ್ಲ" ಎಂದಳು. ನಾನು ಬೆಟ್ಟ ಬರೆಯಲು ಹೊರಟೆ. ಅದು ಎಷ್ಟು ಎಳೆದರೂ ಮೇಲೇಳದೆ ಗದ್ದೆಯ ಬದುವಿನಂತೆ ಅಡ್ಡಡ್ಡ ಹೋಯಿತು. ಮಕ್ಕಳ ಪುಸ್ತಕದಲ್ಲಿ ಕೆಂಪು ಗೀಟು ಹಾಕಿ ಹಾಕಿ ಅಭ್ಯಾಸವಾದ ಕೈ ತಾನಾಗಿ ಕೆಂಪನ್ನೇ ಅದ್ದುತ್ತಿತ್ತು. ಕೊನೆಗೆ ಹಾಳೆಯ ತುಂಬ ಕಬ್ಬಿನ ಹಸಿರು ಬಳಿದು, ನಡುವೆ ಒಂದು ಕೆಂಪು ಗೀಟೆಳೆದು ರಸ್ತೆ ಎಂದೆ. ಆ ಹುಡುಗಿ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ನನಗೆ ಒಳಗೊಳಗೇ ಉಬ್ಬಿಹೋಯಿತು. ಸುಳ್ಳೇಕೆ ಹೇಳಲಿ?

ಪಕ್ಕದಲ್ಲಿ ನಮ್ಮವರ ಹಾಳೆ ಬೆಳ್ಳಗೇ ಇತ್ತು. ಬಣ್ಣವನ್ನು ಬೆರಳಲ್ಲಿ ಮುಟ್ಟಿ ನಾಲಿಗೆಯ ಮೇಲಿಟ್ಟು, ಮುಖ ಕಿವುಚಿ, "ಥೂ" ಎಂದದ್ದೇ ಅವರು ಅವತ್ತು ಮಾಡಿದ ಚಿತ್ರಕಲೆ.

ಮಾರನೆಯ ದಿನ ಜೇಡಿಮಣ್ಣು. ಮಣ್ಣಿನ ಉಂಡೆಯನ್ನು ಕೈಗೆ ಕೊಟ್ಟಾಗ ಇವರ ಬೆರಳುಗಳು ಅದನ್ನು ಹಿಸುಕಿ ನೋಡಿದವು. ನಾನು ಕಣ್ಣಂಚಿನಲ್ಲೇ ನೋಡುತ್ತಿದ್ದೆ. ಒಂದು ಲೋಟ ಮಾಡೋಣ, ನಿಧಾನವಾಗಿ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಎರಡು ದಿನ ಒಣಗಬೇಕು ಎಂದಳು ಹುಡುಗಿ. ಆಲೆಮನೆಯವರಿಗೆ ಎರಡು ದಿನ ಕಾಯುವ ಬುದ್ಧಿ ಎಲ್ಲಿಂದ ಬರಬೇಕು? ಬೆಲ್ಲವಾದರೆ ಪಾಕ ಇಳಿಸಿ, ನೀರಲ್ಲಿ ನೆನೆದ ಅಚ್ಚಿಗೆ ಸುರಿದು, ಬಿಗಿಯುತ್ತಲೇ ಮಗುಚಿ ಹಿಂದಿನಿಂದ ಒಂದು ಏಟು ಕೊಟ್ಟರೆ ಬೆಲ್ಲ ಬಿದ್ದೇ ಬೀಳಬೇಕು. ಇವರು ಊಟದ ಮನೆಯಿಂದ ಒಂದು ಸ್ಟೀಲ್ ಲೋಟ ತಂದರು. ಒಳಗೆ ಧಾರಾಳವಾಗಿ ನೀರು ಚಿಮುಕಿಸಿ, ಮಣ್ಣು ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಮಗುಚಿ, ಅಂಗೈಯಿಂದ ಫಟ್ ಎಂದು ಬಡಿದರು. ಬಿದ್ದದ್ದು ಬಿಸಿ ಮುದ್ದೆಯಂಥ ಮಣ್ಣು. ಅದು ಹಾಗೇ ತಟ್ಟೆಯಲ್ಲಿ ಹರಡಿ ಕೂತಿತು. ಇನ್ನೊಂದು ಬಡಿದರು, ಅದೂ ಹಾಗೇ. ಇನ್ನಷ್ಟು ನೀರು ಚಿಮುಕಿಸಿದರು. ಊಟದ ಹೊತ್ತಿಗೆ ಅವರ ಮುಂದೆ ಇದ್ದದ್ದು ಬರೀ ಕೆಸರು.

ಊಟವಾದ ಮೇಲೆ ಮನುಷ್ಯ ಕಾಣಲಿಲ್ಲ. ಕೋಣೆಯಲ್ಲಿಲ್ಲ, ಬಂಡೆಯ ಮೇಲಿಲ್ಲ. ಹುಡುಕುತ್ತಾ ಅಡಿಗೆಮನೆಯ ಕಡೆ ಹೋದೆ. ಹಳ್ಳಿಯ ಊಟ ಬೇಕು ಎಂದು ಆಸೆಪಡುವ ಪಟ್ಟಣದವರಿಗಾಗಿ ಅಲ್ಲಿ ಸೌದೆ ಒಲೆ ಇಟ್ಟಿದ್ದರು. ಅದರ ಮುಂದೆ ನಮ್ಮವರು ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದರು. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಗುಳುಗುಳು ಎನ್ನುತ್ತಿದ್ದ ಜೇಡಿಮಣ್ಣಿನ ಕೆಸರು. ಉದ್ದನೆಯ ಸೌಟಿನಿಂದ ಅದನ್ನು ತಿರುವುತ್ತಿದ್ದಾರೆ. ಪಕ್ಕದಲ್ಲಿ ಒಂದು ತಟ್ಟೆ ತಣ್ಣೀರು. ನಾನು ನೋಡುತ್ತಿದ್ದಂತೆ ಸೌಟಿನ ತುದಿಯಿಂದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. ಬೆಲ್ಲದ ಪಾಕ ಬಂತೋ ಇಲ್ಲವೋ ಎಂದು ನೋಡುವ ಕ್ರಮ ಅದು. ಮಣ್ಣು ನೀರಲ್ಲಿ ಕರಗಿಹೋಯಿತು. "ಇನ್ನೂ ವಸಿ ಬೇಕು" ಎಂದುಕೊಂಡು ಒಲೆಗೆ ಒಂದು ಸೌದೆ ತಳ್ಳಿದರು.

ಡಾಕ್ಟರು ಹೇಳಿದ್ದೆಲ್ಲ ನೆನಪಾಗಿ ನನಗೆ ಕೋಪ ನೆತ್ತಿಗೇರಿತು. ಕೂಗಬೇಕೆಂದು ಬಾಯಿ ತೆರೆದೆ. ಆದರೆ ಹೊಗೆಯ ನಡುವೆ ಅವರ ಮುಖ ಕಂಡಿತು. ಎಷ್ಟೋ ತಿಂಗಳಿಂದ ನಾನು ಆ ಮುಖವನ್ನು ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತೆ.

ಅಷ್ಟರಲ್ಲಿ ಅಡಿಗೆಯಮ್ಮ ಹಿತ್ತಲಿನಿಂದ ಬಂದರು. "ಅಯ್ಯೋ ಸಿವನೇ! ನನ್ ಬಾಣ್ಲೀಲಿ ಮಣ್ ಬೇಯಿಸ್ತಾ ಕುಂತವ್ರಲ್ಲಪ್ಪೋ!" ಎಂದು ಅವರು ಹೊಡೆದ ಕೂಗಿಗೆ ಬೆಟ್ಟದ ಮೇಲಿದ್ದವರೆಲ್ಲ ಓಡಿಬಂದರು. ಬಂದವರು ಬಾಣಲೆ ನೋಡಿದರು, ನಕ್ಕರು. ಕೆಟ್ಟ ನಗುವೇನಲ್ಲ, ಯಾರಿಗಾದರೂ ಬರುವ ನಗು. ನಮ್ಮವರು ಕೆಮ್ಮುತ್ತಾ ಎದ್ದು, ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಕೋಣೆಗೆ ನಡೆದುಬಿಟ್ಟರು.

"ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ನಾನು ಓಯ್ತೀನಿ. ನೀನು ಬೇಕಾದ್ರೆ ಇರು" ಎಂದರು. ಬ್ಯಾಗನ್ನು ಕಟ್ಟಿ ಬಾಗಿಲ ಹತ್ತಿರ ಇಟ್ಟರು. ಮತ್ತೆ ಜಗಲಿಯ ಮೌನ. ಕರೆತಂದು ಇನ್ನೂ ಕೆಡಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಸಂಜೆ ಕಲಿಸುವ ಹುಡುಗಿ ಬಾಗಿಲಿಗೆ ಬಂದಳು. ಬಾಣಲೆಯ ಮಣ್ಣನ್ನು ಬಟ್ಟೆಯ ಮೇಲೆ ಸುರಿದು ಆರಲು ಬಿಟ್ಟಿದ್ದೇನೆ, ನಾಳೆಗೆ ಸರಿಹೋಗುತ್ತೆ ಅಂಕಲ್ ಎಂದಳು.

"ಕೆಟ್ಟಿದ್ದು ಎಲ್ಲಿ ಸರಿ ಓಯ್ತದವ್ವ?" ಎಂದರು ಇವರು, ಗೋಡೆ ನೋಡಿಕೊಂಡೇ.

ಹಾಗೆ ಕೇಳುವುದಕ್ಕೆ ಅವರಿಗೆ ಕಾರಣವಿತ್ತು. ಬೆಲ್ಲದಲ್ಲಿ ಪಾಕ ಮೀರಿತೆಂದರೆ ಮೀರಿತು. ಮತ್ತೆ ಹಾಲಾಗುವುದಿಲ್ಲ. ಒಂದು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದಿಡೀ ಕೊಪ್ಪರಿಗೆ ಕರಟಿಹೋಗುವುದನ್ನು ನಾನೇ ನೋಡಿದ್ದೇನೆ. ಆ ಭಯದಲ್ಲೇ ಅವರು ಅಷ್ಟು ವರ್ಷ ಕೊಪ್ಪರಿಗೆಯ ಪಕ್ಕ ನಿಂತವರು.

ಬೆಳಿಗ್ಗೆ ನಾನೆದ್ದಾಗ ಹಾಸಿಗೆ ಖಾಲಿ. ಹೊರಟೇಬಿಟ್ಟರು ಎಂದುಕೊಂಡೆ. ಆದರೆ ಬ್ಯಾಗು ಬಾಗಿಲಲ್ಲೇ ಇತ್ತು. ಶಾಲು ಹೊದ್ದು ಹೊರಗೆ ಬಂದೆ. ಮಣ್ಣಿನ ಕೆಲಸದ ಚಪ್ಪರದ ಕೆಳಗೆ ಒಬ್ಬರೇ ಕೂತಿದ್ದರು. ಬಟ್ಟೆಯ ಮೇಲಿನ ಮಣ್ಣನ್ನು ಕಿತ್ತು, ನಾದಿ, ಹಿಸುಕಿ, ಮೂಸಿ ನೋಡುತ್ತಿದ್ದರು.

"ನೋಡಮ್ಮಿ ಇಲ್ಲಿ" ಎಂದರು. "ನಿನ್ನೆ ಅಸ್ಟೊಂದು ಬೇಯಿಸಿದ್ನಲ್ಲ, ಏನೂ ಆಗಿಲ್ಲ. ಇದು ಕೆಡಾಕಿಲ್ಲ ಕಣಮ್ಮಿ!"

ಆಮೇಲೆ ಶುರುವಾಯಿತು ಆಟ. ಹೆಬ್ಬೆರಳಿನಿಂದ ಒತ್ತಿ ಒಂದು ಲೋಟ ಮಾಡಿದರು. ಒಂದು ಕಡೆ ವಾಲಿತ್ತು. ಹುಡುಗಿ ಬಂದು, ಚೆನ್ನಾಗಿದೆ ಅಂಕಲ್, ಇಟ್ಟುಕೊಳ್ಳಿ ಎಂದಳು. ಇವರು ಅವಳ ಮುಖ ನೋಡಿ, ಒಂದೇ ಗುದ್ದಿಗೆ ಅದನ್ನು ಚಪ್ಪಟೆ ಮಾಡಿ, ನೀರಿನ ತೊಟ್ಟಿಗೆ ಹಾಕಿದರು. ಇನ್ನೊಂದು ಮಾಡಿದರು. ಅದನ್ನೂ ಗುದ್ದಿದರು. "ಕೆಟ್ಟೋಯ್ತು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ನಕ್ಕರು. ಆಲೆಮನೆಯಲ್ಲಿ ಅದೇ ಮಾತನ್ನು ಅವರು ಹೇಳಿದಾಗ ಆಳುಗಳೆಲ್ಲ ದಿಕ್ಕಾಪಾಲಾಗುತ್ತಿದ್ದರು. ಮೈಸೂರಿನಿಂದ ಬಂದ ಒಬ್ಬ ದೊಡ್ಡ ಮನುಷ್ಯರು ತಾವು ಕಷ್ಟಪಟ್ಟು ಮಾಡಿದ ಹೂಜಿಯನ್ನು ಇವರ ಹತ್ತಿರ ತಂದು, "ಇದನ್ನೂ ಗುದ್ದಲಾ ಯಜಮಾನ್ರೇ?" ಎಂದು ಕೇಳಿದರು. "ಗುದ್ದಿ ಸ್ವಾಮಿ, ಏನೂ ಆಗಾಕಿಲ್ಲ" ಎಂದರು ಇವರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಚಪ್ಪರ ಮಾಡಿದ್ದನ್ನೆಲ್ಲ ಗುದ್ದುತ್ತಾ ಕೂತಿತ್ತು. ಬಾಣಲೆ ಉಜ್ಜಿ ಉಜ್ಜಿ ಕೈ ನೋಯಿಸಿಕೊಂಡಿದ್ದ ಅಡಿಗೆಯಮ್ಮನೂ ಬಂದು ಎರಡು ಗುದ್ದಿ ಹೋದರು. ಅವರ ಗುದ್ದು ನಮ್ಮವರ ಮೇಲಿನ ಸಿಟ್ಟಿನದು ಎಂದು ನನಗೆ ಅನುಮಾನ.

ಸಂಜೆ ಹೊರಡುವಾಗ ಗುದ್ದದೆ ಉಳಿದ ಸಾಮಾನನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿಟ್ಟಿದ್ದರು. ಸುಟ್ಟ ಮೇಲೆ ಕಳಿಸುತ್ತಾರಂತೆ. ನಮ್ಮವರದು ಒಂದೂ ಇರಲಿಲ್ಲ. ಎಲ್ಲವೂ ತೊಟ್ಟಿಯಲ್ಲಿ ನೆನೆಯುತ್ತಿತ್ತು.

ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತೆ. ಮಳವಳ್ಳಿ ದಾಟಿತು. ಇವರು ಇದ್ದಕ್ಕಿದ್ದಂತೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಹೇಳಿದರು:

"ಒಲೆ ಆರಿಸಿದ ದಿನ ನನ್ ಕತೆ ಮುಗೀತು ಅಂದ್ಕಂಡಿದ್ದೆ ಕಣಮ್ಮಿ. ಪಾಕ ಮೀರಿದ್ ಮ್ಯಾಲೆ ಇನ್ನೇನದೆ ಅಂತ." ಆಮೇಲೆ ಕಿಟಕಿಯಾಚೆ ನೋಡುತ್ತಾ, "ನಮ್ ಕಡೆ ಜೇಡಿಮಣ್ಣು ಎಲ್ಲಿ ಸಿಕ್ತದೋ, ನಾಳೆ ವಿಚಾರಿಸ್ಬೇಕು" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಹೈಸ್ಕೂಲ್ ಮೇಡಂ ಎಂಬುದನ್ನೂ ಮರೆತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದ ಸೀಟಿನವರು ತಿರುಗಿ ನೋಡಿದರು.

ಇವರು ಗಾಬರಿಯಾಗಿ ನನ್ನ ಕಿವಿಯ ಹತ್ತಿರ ಬಗ್ಗಿ, "ಸುಮ್ಕಿರಮ್ಮಿ, ನಾನೇ ಏನೋ ಅಂದೆ ಅಂದ್ಕತಾರೆ ಜನ" ಎಂದರು.

"ಅಂದ್ಕಳ್ಲಿ ಬುಡಿ" ಎಂದು ನಾನು ಇನ್ನಷ್ಟು ಅತ್ತೆ.