ಪ್ರೇಮಕ್ಕನ ಚೀಲಕ್ಕೆ ಬಾಯಿ ಎಲ್ಲಿ?

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ರೇಣುಕಪ್ಪನ ಫೋಟೋ ಸ್ಟುಡಿಯೋ ಇತ್ತು. ಬೋರ್ಡಿನ ಮೇಲೆ ಅವನ ಹೆಸರು ಮಾತ್ರ ಇತ್ತು. ಹದಿನಾಲ್ಕು ವರ್ಷ ಆ ಸ್ಟುಡಿಯೋದ ಕ್ಯಾಮೆರಾ ಚೀಲ ಹೊತ್ತು ಮದುವೆಯಿಂದ ಮದುವೆಗೆ ತಿರುಗಿದವಳು ಅವನ ಹೆಂಡತಿ ಪ್ರೇಮಕ್ಕ. ಚೀಲವೆಂದರೆ ಕಪ್ಪು ರೆಕ್ಸಿನಿನ ಚೌಕಾಕಾರದ ಡಬ್ಬ. ಮೇಲುಮುಚ್ಚಳದ ಅಂಟುಪಟ್ಟಿ ಯಾವ ಕಾಲದಲ್ಲೋ ಸತ್ತುಹೋಗಿ, ಬಾಯಿ ಸದಾ ತೆರೆದೇ ಇರುತ್ತಿತ್ತು.

ಮಂಟಪದ ಮುಂದೆ ರೇಣುಕಪ್ಪ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಬಲಗೈಯನ್ನು ಹಿಂದಕ್ಕೆ ಚಾಚುತ್ತಿದ್ದ. ಅಂಗೈ ಮೇಲೆ ಫಿಲ್ಮ್ ರೋಲ್ ಬಂದು ಕೂರುತ್ತಿತ್ತು. ಮತ್ತೆ ಚಾಚಿದರೆ ಫ್ಲ್ಯಾಶಿನ ಸೆಲ್ಲು. ಬೆವರು ಬಂದಾಗ ಚಾಚಿದರೆ ಕರ್ಚೀಫು. ಏನು ಬೇಕೆಂದು ಅವನು ಯಾವತ್ತೂ ಬಾಯಿಬಿಟ್ಟು ಕೇಳಿದವನಲ್ಲ. "ರೇಣುಕಪ್ಪಂದು ಎಂಥಾ ಕೈ ಮಾರಾಯ, ಒಂದು ಗಳಿಗೆ ತಪ್ಪಿಸಲ್ಲ" ಎಂದು ಜನ ಹೊಗಳುತ್ತಿದ್ದರು. ಆ ಕೈಗೆ ಹಿಂದುಗಡೆಯಿಂದ ಇನ್ನೆರಡು ಕೈ ಸೇರಿದ್ದನ್ನು ಯಾರೂ ಲೆಕ್ಕ ಹಿಡಿದಿರಲಿಲ್ಲ.

ಎರಡು ಸಾವಿರದ ಆರರಲ್ಲಿ ರೇಣುಕಪ್ಪ ಡಿಜಿಟಲ್ ಕ್ಯಾಮೆರಾ ಕೊಂಡ. ರೋಲ್ ಹಾಕುವ ಹಳೆಯ ಕ್ಯಾಮೆರಾ ಪ್ರೇಮಕ್ಕನ ಪಾಲಿಗೆ ಬಂತು, ಅಂಗಡಿಯಲ್ಲಿ ಸವೆದ ಮಿಕ್ಸಿ ಅಡುಗೆಮನೆಗೆ ಬರುವ ಹಾಗೆ. ಅವಳಿಗೆ ಅದನ್ನು ಕಲಿಸುವ ಅಗತ್ಯವಿರಲಿಲ್ಲ. ಹದಿನಾಲ್ಕು ವರ್ಷ ಅವನ ಹೆಗಲ ಹಿಂದಿನಿಂದ ನೋಡಿದ್ದಳು. ಅವನು ಎಲ್ಲಿ ತಪ್ಪಿಸುತ್ತಾನೆ ಎಂಬುದೂ ಗೊತ್ತಿತ್ತು.

ಮರುವರ್ಷ ಒಂದೇ ದಿನ ಎರಡು ಮದುವೆ ಬಿದ್ದವು. ಮುತ್ತಿನಕೊಪ್ಪದ ವೃಷಭೇಂದ್ರಪ್ಪನವರ ಮಗಳ ಮದುವೆಗೆ ಪ್ರೇಮಕ್ಕ ಹೋದಳು. ಅದು ಅವಳ ತವರೂರು. ಚೀಲವನ್ನು ಕುರ್ಚಿಯ ಮೇಲಿಟ್ಟು, ಸೀರೆ ಸೆರಗು ಬಿಗಿದು, ಮೂರು ರೋಲ್ ಮುಗಿಸಿದಳು. ಫೋಟೋಗಳೆಲ್ಲ ಚೆನ್ನಾಗಿ ಬಂದವು. ಆದರೆ ಆ ಮದುವೆಯನ್ನು ಜನ ನೆನೆಸಿಕೊಳ್ಳುವುದು ಫೋಟೋಗಳಿಗಾಗಿ ಅಲ್ಲ.

ನಮ್ಮ ಕಡೆಯ ಮದುವೆ ಮನೆಯಲ್ಲಿ ಹೆಂಗಸಿನ ಚೀಲ ಅವಳದಲ್ಲ, ಎಲ್ಲರದೂ. ಗಂಡಸಿನ ಚೀಲಕ್ಕೆ ಯಾರೂ ಕೈಹಾಕುವುದಿಲ್ಲ, ಅದರಲ್ಲಿ ಏನೋ ಮುಖ್ಯವಾದದ್ದು ಇರುತ್ತದೆ. ಹೆಂಗಸಿನ ಚೀಲ ಕಂಡರೆ ಮಾತ್ರ, "ಇದನ್ನ ಸ್ವಲ್ಪ ಇಟ್ಕಳೇ" ಎಂದು ಹಾಕಿ ಹೋಗುತ್ತಾರೆ. ಚೀಲ ಹೊರುವುದಷ್ಟೇ ಕೆಲಸವಾಗಿದ್ದಾಗ ಪ್ರೇಮಕ್ಕ ಅದನ್ನು ಕಾದುಕೊಂಡಿದ್ದಳು. ಈಗ ಕಣ್ಣು ಕ್ಯಾಮೆರಾದಲ್ಲಿತ್ತು, ಚೀಲ ಅನಾಥವಾಗಿತ್ತು.

ಸಂಜೆ ಮನೆಗೆ ಬಂದು ಚೀಲ ಸುರಿದಾಗ ಎರಡು ತೆಂಗಿನಕಾಯಿ, ಕೂಸಿನ ಟೋಪಿ, ಯಾರದೋ ಕನ್ನಡಕ, ಎಲೆಯಡಿಕೆ, ಮತ್ತು ಒಂದು ಬೀಗದಕೈ ಗೊಂಚಲು ಉದುರಿದವು. ಗೊಂಚಲು ಮದುಮಗಳ ಪೆಟ್ಟಿಗೆಯದು. ಅಷ್ಟು ಹೊತ್ತಿಗೆ ಮುತ್ತಿನಕೊಪ್ಪದಲ್ಲಿ ದಿಬ್ಬಣದ ಬಸ್ಸು ಹೊರಡಲಾಗದೆ ನಿಂತಿತ್ತು. ರೇಣುಕಪ್ಪ ಬೈಕು ಹತ್ತಿ ಹೋಗಿ ಗೊಂಚಲು ಕೊಟ್ಟು ಬಂದ. "ಫೋಟೋ ತೆಗೆಯೋಳು ಬೀಗದಕೈ ಹೊತ್ಕಂಡು ಹೋದ್ಲು" ಎನ್ನುವ ಮಾತು ಅವನಿಗಿಂತ ಮೊದಲೇ ಪೇಟೆ ತಲುಪಿತ್ತು.

"ನಾನೇನು ಹೊತ್ಕಂಡು ಬಂದಿದ್ದಲ್ಲ. ಅವ್ರು ಹಾಕಿದ್ದು" ಎಂದಳು ಪ್ರೇಮಕ್ಕ.

"ನನ್ನ ಚೀಲಕ್ಕೆ ಯಾಕೆ ಹಾಕಲ್ಲ ಹಾಗಾದ್ರೆ?"

"ನಿಮ್ಮ ಚೀಲಕ್ಕೆ ನಾನಿದ್ದೆ. ನನ್ನ ಚೀಲಕ್ಕೆ ಯಾರಿದಾರೆ?"

ರೇಣುಕಪ್ಪ ಕಡ್ಡಿ ಮುರಿದಂತೆ ಹೇಳಿದ: "ಕಮ್ಮರಡಿ ಶೇಷಪ್ಪನೋರ ಮಗಳ ಮದ್ವೆ ಒಪ್ಕಂಡಾಗಿದೆ. ಮದುಮಗಳೇ ನೀನು ಬರ್ಬೇಕು ಅಂದಿದಾಳೆ. ಅದೊಂದು ಹೋಗಿ ಬಾ. ಇನ್ನೊಂದು ಸಲ ಏನಾದ್ರೂ ಚೀಲದಲ್ಲಿ ಬಂತೋ, ಕ್ಯಾಮೆರಾ ಬೀರುವಿಗೆ, ನೀನು ಮೊದಲಿನ ಹಾಗೆ ನನ್ನ ಹಿಂದೆ."

ಕಮ್ಮರಡಿಯ ಮದುವೆಗೆ ಇನ್ನು ಹನ್ನೆರಡು ದಿನವಿತ್ತು. ಪ್ರೇಮಕ್ಕ ಹಳೆಯ ಚೀಲವನ್ನು ಮುಂದಿಟ್ಟುಕೊಂಡು ಒಂದು ಮಧ್ಯಾಹ್ನವಿಡೀ ಕೂತಳು. ತಪ್ಪು ತನ್ನದಲ್ಲ, ಜನರದೂ ಅಲ್ಲ, ಚೀಲದ್ದು ಎಂದು ತೀರ್ಮಾನಿಸಿದಳು. ಹೆಗಲಿಂದ ಇಳಿಸಬೇಕಾಗಿ ಬರುವ, ಬಾಯಿ ಮೇಲಕ್ಕೆ ಬಿಟ್ಟುಕೊಂಡಿರುವ ಚೀಲ ಇರುವ ತನಕ ತೆಂಗಿನಕಾಯಿ ತಪ್ಪಿದ್ದಲ್ಲ.

ಶಿವಮೊಗ್ಗದಿಂದ ಆಲ್ಬಮ್ಮು, ಫ್ರೇಮು ತಂದು ಮಾರುವ ಗಣಪತಿ ತಿಂಗಳಿಗೊಮ್ಮೆ ಬರುತ್ತಿದ್ದ. ಅವನಿಗೆ ಫೋನು ಮಾಡಿಸಿದಳು. ಅವನು ಮೂರು ಚೀಲ ತಂದು ಜಗಲಿಯಲ್ಲಿಟ್ಟ. ಮೂರೂ ಹೊಸ ಮಾದರಿಯವು. ಒಂದೇ ಪಟ್ಟಿ, ಎದೆಗೆ ಅಡ್ಡವಾಗಿ ಬರುತ್ತದೆ. ಚೀಲ ಬೆನ್ನಿನ ಮೇಲಿರುತ್ತದೆ, ಬೇಕಾದಾಗ ಕಂಕುಳಡಿಯಿಂದ ಎಳೆದರೆ ಹೊಟ್ಟೆಯ ಮುಂದೆ ಬಂದು ನಿಲ್ಲುತ್ತದೆ. ನೆಲಕ್ಕೆ ಇಳಿಸುವ ಮಾತೇ ಇಲ್ಲ.

"ಇದಕ್ಕೆ ಸ್ಲಿಂಗ್ ಬ್ಯಾಗ್ ಅಂತಾರೆ. ಬೆಂಗಳೂರಲ್ಲಿ ಎಲ್ಲಾ ಇದೇ" ಎಂದ ಗಣಪತಿ.

"ಜೋಳಿಗೆ ಅನ್ನು. ನಮ್ಮನೆಗೆ ಬರೋ ಅಯ್ಯನೋರ ಹತ್ರ ಇದೆ" ಎಂದರು ಪ್ರೇಮಕ್ಕನ ಅತ್ತೆ ಪುಟ್ಟಕ್ಕ.

ರೇಣುಕಪ್ಪ ಅಂಗಡಿಯಿಂದ ಬಂದು ಮೂರನ್ನೂ ಒಂದೊಂದೇ ಬೆರಳಲ್ಲಿ ಎತ್ತಿ, ತಟ್ಟಿ, ಮೂಸಿ, "ನಡುವಿಂದು ತಗೋ. ಹನ್ನೊಂದು ಜೇಬಿದೆ" ಎಂದ. ಅವನ ಪರೀಕ್ಷೆ ಒಂದು ನಿಮಿಷದಲ್ಲಿ ಮುಗಿಯಿತು.

"ಹನ್ನೊಂದು ಜೇಬಿದ್ರೆ ಹನ್ನೊಂದು ಜನ ಬುಕ್ ಮಾಡ್ಕೋತಾರೆ" ಎಂದು ಪ್ರೇಮಕ್ಕ ಅದನ್ನು ಆಚೆ ಸರಿಸಿದಳು.

ಉಳಿದವು ಎರಡು. "ಇವತ್ತೊಂದಿನ ಇರ್ಲಿ ಗಣಪತಿ, ಸಂಜೆ ಹೇಳ್ತೀನಿ" ಎಂದು ಒಳಗೆ ಹೋಗಿ, ಒಂದರಲ್ಲಿ ಎರಡು ಕೆಜಿ ಅಕ್ಕಿ ತುಂಬಿದಳು. ಕ್ಯಾಮೆರಾ, ಫ್ಲ್ಯಾಶು, ಸೆಲ್ಲು, ರೋಲು ಸೇರಿದರೆ ಅಷ್ಟೇ ತೂಕ. ಹಾಕಿಕೊಂಡು ಅಂಗಳ ಗುಡಿಸಲು ಶುರುಮಾಡಿದಳು.

ಗಣಪತಿ ಬಾಯಿಬಿಟ್ಟುಕೊಂಡು ನೋಡಿದ. "ಅಕ್ಕಾ, ಎಂತ ಮಾಡ್ತಿದೀರಿ?"

"ಮದ್ವೇಲಿ ಬಗ್ಗೋದು, ಏಳೋದು, ತಿರುಗೋದು ಬಿಟ್ರೆ ಇನ್ನೆಂತ ಇದೆ? ಅದೆಲ್ಲ ದಿನಾ ಇಲ್ಲೇ ಮಾಡ್ತೀನಲ್ಲ."

ಮೊದಲ ಚೀಲದ ಪಟ್ಟಿ ಎಡಹೆಗಲ ಮೇಲೆ ಬರುವಂಥದ್ದು. ಸೆರಗಿನ ಪಿನ್ನು ಇರುವುದೂ ಅಲ್ಲೇ. ನಾಲ್ಕು ಬಾರಿ ಪೊರಕೆ ಬೀಸುವಷ್ಟರಲ್ಲಿ ಪಿನ್ನು ಭುಜಕ್ಕೆ ಚುಚ್ಚಿತು. ಬಾವಿಯಿಂದ ನೀರು ಸೇದುವಾಗ ಚೀಲ ಮುಂದಕ್ಕೆ ಜಾರಿ ಕೊಡಕ್ಕೆ ಢಿಕ್ಕಿ ಹೊಡೆಯಿತು. "ಇದನ್ನ ಮಾಡಿದೋನು ಸೀರೆ ಉಟ್ಟೋಳನ್ನ ನೋಡೇ ಇಲ್ಲ" ಎಂದಳು ಪ್ರೇಮಕ್ಕ.

ಎರಡನೆಯದರ ಪಟ್ಟಿ ಬಲಹೆಗಲಿಗೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಚೀಲ ಎಲ್ಲಿಯೂ ತಡೆಯದೆ ಎಡಗಂಕುಳಡಿಯಿಂದ ಸುಳಿದು ಬರುತ್ತಿತ್ತು. ಅದರಿಂದ ಅಂಗಳ ಮುಗಿಯಿತು, ಬಾವಿ ಮುಗಿಯಿತು, ದನದ ಕೊಟ್ಟಿಗೆ ಮುಗಿಯಿತು. ಮಂಚದಡಿ ನುಗ್ಗಿ ಅತ್ತೆಯ ಚಪ್ಪಲಿ ತೆಗೆದಳು. ಏಣಿ ಹತ್ತಿ ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಇಳಿಸಿದಳು. ಚೀಲ ಬೆನ್ನಿಗೆ ಅಂಟಿದ ಕೂಸಿನ ಹಾಗೆ ಕೂತಿತ್ತು. ಎಲ್ಲಕ್ಕಿಂತ ಮುಖ್ಯ, ಅದಕ್ಕಿದ್ದದ್ದು ಒಂದೇ ಜಿಪ್ಪು, ಅದೂ ಬೆನ್ನಿಗೆ ಒತ್ತಿಕೊಳ್ಳುವ ಕಡೆಗೆ. ಹೊರಗಿನಿಂದ ನೋಡಿದವರಿಗೆ ಬರೀ ಕಪ್ಪು ಗುಡ್ಡೆ.

ಪುಟ್ಟಕ್ಕ ಕೈಯಲ್ಲಿದ್ದ ಎಲೆಯಡಿಕೆ ಚೀಲವನ್ನು ಹಿಡಿದು ಸೊಸೆಯ ಹಿಂದೆ ಒಂದು ಸುತ್ತು ಬಂದರು. "ಇದನ್ನ ಎಲ್ಲಿ ಇಡೋದು ಪ್ರೇಮಾ, ಜಾಗವೇ ಇಲ್ವಲ್ಲೇ?"

"ಇದೇ ಆಯ್ತು ಗಣಪತಿ" ಎಂದಳು ಪ್ರೇಮಕ್ಕ.

ಮದುವೆಯ ದಿನ ರೇಣುಕಪ್ಪ ಹಳೆಯ ಚೌಕದ ಚೀಲ ತೂಗಿಕೊಂಡು ಬಾಳೆಹೊನ್ನೂರಿನ ಕಡೆ ಇನ್ನೊಂದು ಮದುವೆಗೆ ಹೋದ. ಪ್ರೇಮಕ್ಕ ಕೊಪ್ಪದಲ್ಲಿ ಬಸ್ಸು ಬದಲಿಸಿ ಕಮ್ಮರಡಿಗೆ ಬಂದಿಳಿದಳು.

ಸೆರಗು ಸಿಕ್ಕಿಸಿದ್ದೇ ಮೊದಲ ತೊಡಕಾಯಿತು. ಚಪ್ಪರದೊಳಗೆ ಕಾಲಿಟ್ಟ ಕೂಡಲೇ ಅಡುಗೆಯವನೊಬ್ಬ, "ಬಂದ್ರಾ? ಸೌತೆಕಾಯಿ ಆ ಕಡೆ ಇದೆ" ಎಂದು ಈಳಿಗೆಮಣೆ ತೋರಿಸಿದ. ಸೆರಗು ಇಳಿಬಿಟ್ಟರೆ ನೆಂಟರವಳು, ಕೂಸು ಎತ್ತಿಕೊಳ್ಳಬೇಕು. ಸಿಕ್ಕಿಸಿದರೆ ಕೆಲಸದವಳು, ಸೌತೆಕಾಯಿ ಹೆಚ್ಚಬೇಕು. ಪ್ರೇಮಕ್ಕ ಬೆನ್ನಿನ ಗುಡ್ಡೆಯನ್ನು ಸರ್ರನೆ ಮುಂದೆ ತಂದು, ಕ್ಯಾಮೆರಾ ತೆಗೆದು, ಅವನ ಮುಖಕ್ಕೆ ಒಂದು ಫ್ಲ್ಯಾಶ್ ಹೊಡೆದಳು. ಅವನು ಕೂದಲು ಸರಿಮಾಡಿಕೊಳ್ಳುತ್ತ, "ಇನ್ನೊಂದು ತೆಗೀರಿ, ಕಣ್ಣು ಮುಚ್ಚಿದೆ" ಎಂದ. ಸೌತೆಕಾಯಿಯ ಮಾತು ಅಲ್ಲಿಗೆ ಮುಗಿಯಿತು.

ಮದುಮಗಳು ಸೌಂದರ್ಯಾ ಸಿಂಗರಿಸಿಕೊಳ್ಳುವುದು, ಅಜ್ಜಿ ಹೂ ಮುಡಿಸುವುದು, ಎಲ್ಲ ಸುಸೂತ್ರವಾಗಿ ಸಾಗಿತು. ಧಾರೆಗೆ ಮಂಟಪ ಹತ್ತುವ ಮೊದಲು ಶೇಷಪ್ಪನವರ ಹೆಂಡತಿ ಸೊಂಟದ ಬೀಗದಕೈ ಗೊಂಚಲು ಬಿಚ್ಚಿ ತಂಗಿ ತುಂಗಮ್ಮನ ಕೈಗೆ ಕೊಟ್ಟರು. ತುಂಗಮ್ಮನ ಕಂಕುಳಲ್ಲಿ ಮೊಮ್ಮಗು, ಇನ್ನೊಂದು ಕೈಗೆ ಆರತಿ ತಟ್ಟೆ ಬರುವುದಿತ್ತು. ಅವರ ಕಣ್ಣು ಸುತ್ತಲೂ ಹುಡುಕಿ, ಚೀಲ ಹಾಕಿಕೊಂಡ ಒಬ್ಬಳೇ ಒಬ್ಬ ಹೆಂಗಸಿನ ಮೇಲೆ ನಿಂತಿತು.

ಧಾರೆ ಮುಗಿಯಿತು. ಪುರೋಹಿತರು ತಾಳಿಯ ತಟ್ಟೆಗೆ ಕೈಹಾಕಿದರು. ಪ್ರೇಮಕ್ಕ ಕ್ಯಾಮೆರಾದ ಲೆಕ್ಕ ನೋಡಿದಳು. ಮೂವತ್ತಾರು. ರೋಲ್ ಮುಗಿದಿತ್ತು.

ಹಿಂದೆ ಕೈ ಚಾಚಿದರೆ ರೋಲ್ ಕೊಡಲು ಯಾರೂ ಇರಲಿಲ್ಲ. ಎಡಗಂಕುಳಡಿಯಿಂದ ಚೀಲ ಎಳೆದಳು. ಅದು ಬಂದು ಹೊಟ್ಟೆಯ ಮುಂದೆ ನಿಂತಿತು. ಜಿಪ್ಪು ಎಳೆದು ಹೊಸ ರೋಲ್ ಬಾಯಲ್ಲಿ ಕಚ್ಚಿಕೊಂಡು, ಹಳೆಯದನ್ನು ಗರಗರ ಸುತ್ತಿ ತೆಗೆಯತೊಡಗಿದಳು. ಸರಿಯಾಗಿ ಆಗಲೇ ತುಂಗಮ್ಮ ಗೊಂಚಲು ಹಿಡಿದು ಬಂದರು.

"ಇದನ್ನೊಂಚೂರು ಇಟ್ಕಳೇ ಮಾರಾಯ್ತಿ."

ಪ್ರೇಮಕ್ಕನ ಬಾಯಲ್ಲಿ ರೋಲ್ ಇತ್ತು. ಹಳೆಯ ರೋಲನ್ನು ಚೀಲಕ್ಕೆ ಹಾಕಿ ಜಿಪ್ಪೆಳೆದು ಬೆನ್ನಿಗೆ ತಳ್ಳಿದಳು. ತುಂಗಮ್ಮ ಬೆನ್ನ ಕಡೆಗೆ ಹೋದರು. ಅಲ್ಲಿ ಬರೀ ಗುಡ್ಡೆ. ಎಡಕ್ಕೆ ಬಂದರು, ಬಲಕ್ಕೆ ಬಂದರು. ಮೊಮ್ಮಗುವೂ ಕೈ ಹಾಕಿ ಚೀಲವನ್ನು ತಡವಿತು. ಅಶ್ವತ್ಥಕಟ್ಟೆಗೆ ಬಂದವರ ಹಾಗೆ ಮೂರು ಸುತ್ತು ಮುಗಿಸಿ ಕೇಳಿದರು: "ಇದಕ್ಕೆ ಬಾಯಿ ಎಲ್ಲಿದೆಯೇ?"

ಹೊಸ ರೋಲ್ ಕೂರಿಸಿ, ಕ್ಯಾಮೆರಾದ ಹಿಂಬಾಗಿಲು ಟಕ್ಕೆಂದು ಮುಚ್ಚಿ ಪ್ರೇಮಕ್ಕ ಹೇಳಿದಳು: "ನನ್ನ ಬೆನ್ನಿಗಿದೆ ತುಂಗಮ್ಮ."

"ಚೀಲದ ಬಾಯಿ ಬೆನ್ನಿಗೆ ಇಡ್ತಾರಾ ಯಾರಾದ್ರೂ?"

"ಅದಕ್ಕೇ ಆರಿಸಿ ತಂದಿದ್ದು!"

ಗಟ್ಟಿಮೇಳ ಮೊಳಗಿತು. ತುಂಗಮ್ಮನಿಗೆ ಬೇರೆ ದಾರಿ ಉಳಿಯಲಿಲ್ಲ. ಮಂಟಪದ ಪಕ್ಕದಲ್ಲಿ ಮದುಮಗಳ ಸೋದರಮಾವ ವಾಸಪ್ಪ ಬೆಳಗಿನಿಂದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ಎಲ್ಲ ವ್ಯವಸ್ಥೆ ತಾವೇ ನೋಡಿಕೊಳ್ಳುತ್ತಿರುವುದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು. ತುಂಗಮ್ಮ ಗೊಂಚಲನ್ನು ಅವರ ಬೆರಳಿಗೆ ಸಿಕ್ಕಿಸಿದರು. ಸಿಕ್ಕಿಸಿಯಾದ ಮೇಲೆ, ಹೇಗೂ ಕೊಟ್ಟಾಯಿತಲ್ಲ ಎಂದು ಮೊಮ್ಮಗುವನ್ನೂ ಅವರ ಕಂಕುಳಿಗೆ ದಾಟಿಸಿದರು. ಅದನ್ನು ಕಂಡ ಇನ್ನೊಬ್ಬಾಕೆ ತೆಂಗಿನಕಾಯಿ ತಂದಳು. ಮೂರನೆಯವಳು ಅಜ್ಜಿಯ ಕನ್ನಡಕ ತಂದು ಜೇಬಿಗಿಟ್ಟಳು. "ಎಂತದ್ರೇ ಇದು, ಎಂತದು" ಎನ್ನುತ್ತಲೇ ವಾಸಪ್ಪ ಎಲ್ಲವನ್ನೂ ಹಿಡಿದುಕೊಂಡರು. ಬಿಡಲು ಕೈ ಖಾಲಿ ಇರಲಿಲ್ಲ.

ಮದುಮಗ ತಾಳಿ ಕಟ್ಟಿದ. ಪ್ರೇಮಕ್ಕನ ಫ್ಲ್ಯಾಶ್ ಮಿಂಚಿತು, ಒಂದಲ್ಲ, ಮೂರು ಬಾರಿ. ಆ ಫೋಟೋದಲ್ಲಿ ಮುಂದೆ ಸೌಂದರ್ಯಾ ತಲೆ ತಗ್ಗಿಸಿದ್ದಾಳೆ, ಹಿಂದೆ ವಾಸಪ್ಪ ಕೂಸು, ಕಾಯಿ, ಬೀಗದಕೈ ಸಮೇತ ಕಕ್ಕಾಬಿಕ್ಕಿಯಾಗಿ ನಿಂತಿದ್ದಾರೆ. ಕಮ್ಮರಡಿಯಲ್ಲಿ ಆ ಆಲ್ಬಮ್ ತೆರೆದವರು ಈಗಲೂ ಮೊದಲು ಮಾವನನ್ನೇ ನೋಡುತ್ತಾರೆ.

ಸಂಜೆ ಮನೆಯ ಜಗಲಿಯಲ್ಲಿ ಪ್ರೇಮಕ್ಕ ಗಂಡನ ಮುಂದೆ ಚೀಲ ಬಿಚ್ಚಿದಳು. ಕ್ಯಾಮೆರಾ, ಫ್ಲ್ಯಾಶ್, ಸೆಲ್ಲು, ತುಂಬಿದ ನಾಲ್ಕು ರೋಲು. ರೇಣುಕಪ್ಪ ಒಳಗೆ ಕೈಹಾಕಿ ಮೂಲೆಮೂಲೆ ತಡಕಿದ. ಒಂದು ಅಕ್ಷತೆ ಕಾಳೂ ಸಿಗಲಿಲ್ಲ.

"ಇನ್ನೇನು, ಕ್ಯಾಮೆರಾ ಬೀರುವಿಗಾ?" ಎಂದಳು.

ಅವನು ಕುತ್ತಿಗೆ ಒತ್ತಿಕೊಂಡ. ಚೌಕದ ಚೀಲ ಹೊತ್ತು ಹೆಗಲು ಇಳಿದಿತ್ತು. "ಮುಂದಿನ ವಾರದ್ದಕ್ಕೂ ನೀನೇ ಹೋಗು" ಎಂದು ಗೋಡೆ ನೋಡಿ ಹೇಳಿದ. ಆಮೇಲೆ ಅವತ್ತಿನ ಕತೆ ಹೊರಬಂತು. ತಾಳಿ ಕಟ್ಟುವ ಹೊತ್ತಿಗೆ ಅಭ್ಯಾಸಬಲದಿಂದ ಸೆಲ್ಲಿಗೆಂದು ಕೈ ಹಿಂದಕ್ಕೆ ಚಾಚಿದನಂತೆ. ಯಾರೋ ಪುಣ್ಯಾತ್ಮರು ಅದರಲ್ಲಿ ಮಜ್ಜಿಗೆ ಲೋಟ ಇಟ್ಟರಂತೆ.

"ಕುಡಿದ್ಯೇನೋ?" ಪುಟ್ಟಕ್ಕ ಕೇಳಿದರು.

"ಮತ್ತೇನು ಮಾಡ್ಲಿ ಅವ್ವ, ಎರಡೂ ಕೈ ಸಿಕ್ಕಿಬಿದ್ದಿತ್ತು." ಅವನು ಹೊಸ ಚೀಲದ ಪಟ್ಟಿಯನ್ನು ಮೆಲ್ಲಗೆ ಹೆಗಲಿಗೆ ಏರಿಸಿ ನೋಡಿದ. "ಇದು ಹಗುರ ಇದೆಯಲ್ಲೇ. ನಂಗೂ ಒಂದು ಆಗುತ್ತೇನೋ."

"ಆಗುತ್ತೋ ಇಲ್ವೋ ನೋಡ್ಬೇಕು" ಎಂದು ಪ್ರೇಮಕ್ಕ ಕ್ಯಾಮೆರಾ ಎತ್ತಿಟ್ಟು, ಚೀಲಕ್ಕೆ ಎರಡು ಕೆಜಿ ಅಕ್ಕಿ ತುಂಬಿ, ಮೂಲೆಯ ಪೊರಕೆ ತಂದು ಅವನ ಕೈಗಿತ್ತಳು. "ಸುಮ್ನೆ ತಟ್ಟಿ ನೋಡಿದ್ರೆ ಗೊತ್ತಾಗಲ್ಲ. ಅಂಗಳದಿಂದ ಶುರು ಮಾಡಿ. ಆಮೇಲೆ ಬಾವಿ ಇದೆ."

ರೇಣುಕಪ್ಪ ತಾಯಿಯ ಮುಖ ನೋಡಿದ. ಪುಟ್ಟಕ್ಕ ಜಗಲಿಯ ತುದಿಗೆ ಸರಿದು, ಕಾಲು ನೀಡಿ ಕೂತು, ಕತ್ತು ಉದ್ದ ಮಾಡಿದರು.

"ಬಗ್ಗಿ ಗುಡ್ಸು ಮಾರಾಯ. ಆ ಮೂಲೇಲಿ ಎಲೆ ಹಾಗೇ ಇದೆ ನೋಡು."