ಎರಡನೇ ಸಲ ಕೇಳದವರ ಊರು

ನಮ್ಮ ರಸ್ತೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನೇ. ನನಗೆ ಅರವತ್ತೊಂಬತ್ತು.

ಅಮೆರಿಕದ ನ್ಯೂಜೆರ್ಸಿಯ ಪಾರ್ಸಿಪನಿಯಿಂದ ಪಶ್ಚಿಮಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಸಿಗುವ ಈ ಗುಡ್ಡದ ಊರಿನಲ್ಲಿ ಶಾಲೆ ಮಕ್ಕಳಿಲ್ಲದೆ ಮುಚ್ಚಿದೆ. ಅದೇ ಕಟ್ಟಡದಲ್ಲಿ ಈಗ ಹಿರಿಯರ ಯೋಗ ಕ್ಲಾಸು ನಡೆಯುತ್ತದೆ, ಬಿ.ಪಿ. ನೋಡುತ್ತಾರೆ. ಹಸುಗಳಿದ್ದ ಕೊಟ್ಟಿಗೆಗಳು ಖಾಲಿ. ಬೆಂಕಿ ಆರಿಸಲು ಸ್ವಯಂಸೇವಕರ ದಳವೊಂದಿದೆ, ಆದರೆ ಅದರಲ್ಲಿರುವವರೆಲ್ಲ ಮಂಡಿ ಬದಲಿಸಿಕೊಂಡವರು. ಬೆಂಕಿ ಬಿದ್ದರೆ ದೇವರೇ ಗತಿ. ತಿಂಗಳಿಗೊಮ್ಮೆ ಅವರು ಮಾಡಿ ಬಡಿಸುವ ಪ್ಯಾನ್‌ಕೇಕ್ ಮಾತ್ರ ಚೆನ್ನಾಗಿರುತ್ತದೆ. ಎದುರಿಗೆ ಯಾರೇ ಸಿಕ್ಕಲಿ, ಮೊದಲು ಹಿಮದ ಮಾತು, ಆಮೇಲೆ ಸೊಂಟದ್ದು, ಆಮೇಲೆ ಯಾರು ಆಸ್ಪತ್ರೆ ಸೇರಿದರು ಅನ್ನುವುದು. ಬಸ್ಸಿಲ್ಲ. ಅಂಗಡಿ, ಡಾಕ್ಟರು, ಔಷಧಿ ಎಲ್ಲಕ್ಕೂ ಕಾರು ಬೇಕು.

ರಿಟೈರ್ ಆದಮೇಲೆ ನಾವು ಇಲ್ಲಿಗೆ ಬಂದದ್ದು ನನ್ನ ಯಜಮಾನರ ಹಟಕ್ಕೆ. ಆಫೀಸಿನ ಕ್ಯೂಬಿಕಲ್‌ನಲ್ಲೇ ಆಯುಸ್ಸು ಸವೆಸಿದವರಿಗೆ ಕೈಗೆ ಮಣ್ಣು ಹತ್ತಬೇಕಂತೆ. ನಾನು ಜಗಳ ಆಡಿದೆ, ತಿಂಗಳುಗಟ್ಟಲೆ ಮುಖ ಊದಿಸಿಕೊಂಡೆ. ಆದರೆ ಅವರು ಹಿತ್ತಲಿನಲ್ಲಿ ಬೆಳೆದ ಎಳೆ ಬದನೆಕಾಯಿಯ ಎಣ್ಣೆಗಾಯಿ ಮಾಡಿದ ದಿನದಿಂದ ನನಗೂ ಈ ಮನೆ ನನ್ನದು ಅನ್ನಿಸತೊಡಗಿತು.

ಕಳೆದ ವರ್ಷ ಅವರ ಕಣ್ಣು ಮಂಜಾಯಿತು. ಇನ್ನು ಡ್ರೈವ್ ಮಾಡಲೇಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ನನ್ನ ಲೈಸೆನ್ಸು ಏರ್‌ಪೋರ್ಟಿನಲ್ಲಿ ತೋರಿಸುವುದಕ್ಕಷ್ಟೇ ಸರಿ. ಹಿಂದೊಮ್ಮೆ ಹಿಮದಲ್ಲಿ ಕಾರು ಜಾರಿ ಹಳ್ಳಕ್ಕಿಳಿದ ಮೇಲೆ ಸ್ಟೀರಿಂಗ್ ಮುಟ್ಟಿದವಳಲ್ಲ. ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನಲ್ಲಿರುವ ಮಗಳು ಫೋನಿನಲ್ಲಿ, "ಅಮ್ಮಾ, ಜಸ್ಟ್ ಸೆಲ್ ದ ಹೌಸ್. ಇಲ್ಲಿಗೇ ಬಂದ್ಬಿಡಿ" ಎಂದಳು. ಅವಳ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವಳ ಬೇಸ್‌ಮೆಂಟಿನಲ್ಲಿ ಕೂತು, ಇಂಗಿನ ಒಗ್ಗರಣೆ ಹಾಕಬಹುದೇ ಎಂದು ಕೇಳಿಕೊಂಡು ಬಾಳುವುದು ನನ್ನಿಂದಾಗದ ಮಾತು.

ಪಕ್ಕದ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ ಇದ್ದಾರೆ. ಶಾಲೆ ಮುಚ್ಚುವವರೆಗೂ ಸ್ಕೂಲ್ ಬಸ್ ಓಡಿಸಿದವರು. ಸುದ್ದಿ ಕೇಳಿ ಬಾಗಿಲಿಗೆ ಬಂದು, ಪ್ರತಿ ಗುರುವಾರ ಪೇಟೆಗೆ ಹೋಗುತ್ತೇನೆ, ನೀವಿಬ್ಬರೂ ಜೊತೆಗೆ ಬನ್ನಿ ಎಂದರು. "ಅಯ್ಯೋ, ಬೇಡ ಬೇಡ, ನಿಮಗ್ಯಾಕೆ ತೊಂದರೆ" ಎಂದು ಇಂಗ್ಲಿಷಿನಲ್ಲಿ ನಗುನಗುತ್ತಾ ಹೇಳಿದೆ. ಹಾಗಾದರೆ ಸರಿ ಎಂದು ಅವರು ಮೆಟ್ಟಿಲಿಳಿದು ಹೋಗಿಯೇಬಿಟ್ಟರು. ತಿರುಗಿ ಬರುತ್ತಾರೇನೋ ಎಂದು ನಾನು ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. ಮರುವಾರ ಬೆಂಕಿ ದಳದ ಹಳೆಯ ಕ್ಯಾಪ್ಟನ್ ಬಂದು, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದರು. ಅವರಿಗೂ ಅದನ್ನೇ ಹೇಳಿದೆ. ಅವರೂ ಟೋಪಿ ಹಾಕಿಕೊಂಡು ಹೊರಟರು.

ನಮ್ಮಲ್ಲಿ ಕರೆದ ಕೂಡಲೇ ಚಪ್ಪಲಿ ಮೆಟ್ಟುವವರನ್ನು ಆಸೆಬುರುಕರು ಎನ್ನುತ್ತಾರೆ. ಒಂದು ಸಲ ಬೇಡ, ಎರಡನೆಯ ಸಲವೂ ಬೇಡ, ಆಮೇಲೆ ಕರೆದವರು ಕೈ ಹಿಡಿದು ಎಳೆದಾಗ ಸಂಕೋಚದಿಂದ ಹೂಂ ಅನ್ನುವುದು. ಇದು ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ.

"ಎಂಥ ಜನ ರೀ ಇವರು! ಬಾಯಿಮಾತಿಗೆ ಕೇಳ್ತಾರೆ ಅಷ್ಟೆ" ಎಂದು ಹರಿಹಾಯ್ದೆ.

"ನೀನೇ ಬೇಡ ಅಂದೆಯಲ್ಲೇ" ಎಂದರು ಯಜಮಾನರು.

"ಅಂದ್ರೆ ಬಿಟ್ಟೇಬಿಡೋದಾ? ಇನ್ನೊಂದ್ಸಲ ಕೇಳಿದ್ರೆ ಅವರ ಗಂಟೇನು ಹೋಗ್ತಿತ್ತು?"

ಆಮೇಲೆ ಮಗಳು ಪ್ರತಿ ಶನಿವಾರ ಅಷ್ಟು ದೂರದಿಂದ ಬಂದು ಸಾಮಾನು ತಂದು ಹಾಕತೊಡಗಿದಳು. ಬಂದವಳೇ ಸೋಫಾದ ಮೇಲೆ ಬಿದ್ದು ನಿದ್ದೆ ಹೋಗುತ್ತಿದ್ದಳು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ನಾನೇ ಮನೆ ಮಾರಲು ಒಪ್ಪಿದೆ. ಏಜೆಂಟ್ ಬಂದು ಕೋಣೆಗಳ ಅಳತೆ ತೆಗೆದುಕೊಂಡು, ಮುಂದಿನ ವಾರ ಅಂಗಳದಲ್ಲಿ ಮಾರಾಟದ ಬೋರ್ಡು ನೆಡುತ್ತೇನೆ ಎಂದು ಹೋದ.

ಅವನ ಕಾರು ಕಂಡು ಪಕ್ಕದ ಮನೆಯ ಅಜ್ಜಿ ಆ ಸಂಜೆಯೇ ಆ್ಯಪಲ್ ಪೈ ಹಿಡಿದು ಬಂದರು. ಹೊರಟುಬಿಡುತ್ತೀರಂತೆ, ನಿಜವೇ ಎಂದು ಕೇಳಿದರು. ನಾನು ಹೌದೆಂದು ಕೂರಿಸಿ ಬಿಸಿ ಉಪ್ಪಿಟ್ಟು ಬಡಿಸಿದೆ. ಒಂದು ತಟ್ಟೆ ತಿಂದು ಸಾಕು ಎಂದರು. ಇನ್ನೊಂದು ಸೌಟು ಹಾಕಿದೆ. ಅದನ್ನೂ ಹೇಗೋ ಮುಗಿಸಿ, ನಿಜವಾಗಿಯೂ ಸಾಕು ಎಂದರು. ಮತ್ತೆ ಸೌಟು ಎತ್ತಿದೆ. ಅವರು ತಟ್ಟೆಗೆ ಕೈ ಅಡ್ಡ ಹಿಡಿದರು. ಉಪ್ಪಿಟ್ಟು ಬೆರಳುಗಳ ಮೇಲೆ ಬಿತ್ತು.

"ನಾನು ಬೇಡ ಅಂದೆ. ಬೇಡ ಅಂದರೆ ನಿಮಗೆ ಅರ್ಥವೇ ಆಗುವುದಿಲ್ಲವೇ?"

ನನಗೂ ರೇಗಿತು. "ನಮ್ಮಲ್ಲಿ ಎಲ್ಲರೂ ಮೊದಲು ಬೇಡ ಎಂದೇ ಅನ್ನುವುದು. ಅಷ್ಟಕ್ಕೇ ಬಿಟ್ಟರೆ ಬಂದವರಿಗೆ ಅವಮಾನ" ಎಂದೆ.

ಅವರು ಬೆರಳು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು. "ಹಾಗಾದರೆ ಅವತ್ತು ನನ್ನ ಕಾರು ಬೇಡ ಅಂದಿರಲ್ಲ, ಅದು?"

ಯಜಮಾನರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. "ಅದೂ ಹೀಗೇ" ಎಂದು ಅವರೇ ಉತ್ತರ ಕೊಟ್ಟರು.

ಆ ಅಜ್ಜಿ ಹಣೆ ಚಚ್ಚಿಕೊಂಡರು. ನಮಗೆ ಯಾರ ಹಂಗೂ ಬೇಡವಾಗಿದೆ ಎಂದು ಇಡೀ ರಸ್ತೆ ಮಾತಾಡಿಕೊಂಡಿತ್ತಂತೆ. ಅವರನ್ನು ಅವರ ಪಾಡಿಗೆ ಬಿಡೋಣ, ಅದೇ ಮರ್ಯಾದೆ ಎಂದು ಕ್ಯಾಪ್ಟನ್ ಹೇಳಿದ್ದರಂತೆ. "ಸರಿ, ಮತ್ತೆ ಕೇಳುತ್ತಿದ್ದೇನೆ. ಗುರುವಾರ ಬೆಳಿಗ್ಗೆ. ಬರುತ್ತೀರಾ?"

ಆ ಹಾಳು "ಬೇಡ" ಆಗಲೂ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, "ಬರ್ತೀವಿ" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ. ಅವರಿಗೆ ಅರ್ಥವಾಯಿತು. ಎದೆಯ ಮೇಲಿನ ಭಾರ ಇಳಿದು, ಕಣ್ಣಲ್ಲಿ ನೀರು ಬಂದು, ಸೌಟು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತೆ. ಏಜೆಂಟಿಗೆ ಬೋರ್ಡು ಬೇಡ ಎಂದು ಹೇಳಿಸಿದೆವು. ಮಗಳಿಗೆ ಫೋನ್ ಮಾಡಿದರೆ, "ಆರ್ ಯೂ ಶೂರ್?" ಎಂದು ಕೇಳಿ, ಆಮೇಲೆ ಉದ್ದಕ್ಕೆ ಉಸಿರು ಬಿಟ್ಟಳು. ಅವಳಿಗೂ ಹಗುರವಾಗಿತ್ತು.

ಗುರುವಾರ ನಾನು ಅವರ ಪಕ್ಕದ ಸೀಟಿನಲ್ಲಿ ಕೂತೆ, ಯಜಮಾನರು ಹಿಂದೆ. ಗುಡ್ಡ ಇಳಿಯುವಾಗ ಅವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಮಗನ ವಿಷಯ ಹೇಳಿದರು. ಈ ವಯಸ್ಸಿನಲ್ಲಿ ಒಬ್ಬಳೇ ಡ್ರೈವ್ ಮಾಡಬೇಡ ಎಂದು ಅವನು ಕಾರಿನ ಕೀ ತೆಗೆದುಕೊಂಡು ಹೋಗುವವನಿದ್ದನಂತೆ. ಇನ್ನು ಮುಂದೆ ಪಕ್ಕದ ಸೀಟಿನಲ್ಲಿ ಒಬ್ಬರು ಇರುತ್ತಾರೆ ಎಂದಮೇಲೆ ಸುಮ್ಮನಾದನಂತೆ.

"ಅದನ್ನು ಮೊದಲೇ ಹೇಳಬಾರದಿತ್ತೇ?" ಎಂದೆ.

"ಕೇಳಿದೆನಲ್ಲ," ಎಂದರು ಅವರು, "ನೀವು ಬೇಡ ಅಂದಿರಿ."